ಮೂರು ಎಣಿಸಿ ಏಳೋದು: ನನ್ನ ಸ್ಕ್ವಾಟ್ 115 ಮುಟ್ಟಿದ ಕತೆ

ಜಿಮ್‌ನಲ್ಲಿ ನನಗೆ ಬಿದ್ದಿದ್ದ ಹೆಸರು 'ಅರ್ಧ ಸ್ಕ್ವಾಟ್'. ಬೆಂಚ್ ಪ್ರೆಸ್ 95 ಕೆಜಿ ಹೊಡೆಯುತ್ತಿದ್ದೆ, ಡೆಡ್‌ಲಿಫ್ಟ್ 150 ಎತ್ತುತ್ತಿದ್ದೆ. ಸ್ಕ್ವಾಟ್ ಮಾತ್ರ, ಅಂದರೆ ಬಾರ್ ಹೆಗಲ ಮೇಲಿಟ್ಟು ಕೂತು ಏಳೋದು, ಎರಡು ವರ್ಷದಿಂದ 85ರಲ್ಲೇ ಬಿದ್ದುಕೊಂಡಿತ್ತು. ಅದೂ ಪೂರ್ತಿ ಕೂರದೆ. ಸೀನಿಯರ್ ಒಬ್ಬರು ಒಂದು ದಿನ ನನ್ನ ಕಾಲು ನೋಡಿ ತೀರ್ಪು ಕೊಟ್ಟೇಬಿಟ್ಟರು: "ನಿನ್ನ ತೊಡೆ ಮೂಳೆ ಉದ್ದ ಮಾರಾಯ. ಸ್ಕ್ವಾಟ್ ನಿನ್ನ ಜಾತಕದಲ್ಲೇ ಇಲ್ಲ. ಸುಮ್ನೆ ಲೆಗ್ ಪ್ರೆಸ್ ಹೊಡಿ." ಕಳೆದ ತಿಂಗಳು ಅವರ ಎದುರೇ, ಅದೇ ರ‍್ಯಾಕ್‌ನಲ್ಲಿ, ಪೂರ್ತಿ ಕೂತು 115 ಎದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಯಸ್ಸು 36, ತೂಕ 74. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ರೈಟರ್. ಬೆಳಗ್ಗೆ ಲೆಕ್ಕದ ಪುಸ್ತಕದ ಮುಂದೆ ಕೂತರೆ ಸೀಸನ್‌ನಲ್ಲಿ ಏಳೋದು ರಾತ್ರಿ ಒಂಬತ್ತಕ್ಕೆ. ಅಂಥ ಸೊಂಟ, ಅಂಥ ಹಿಮ್ಮಡಿ ಇಟ್ಟುಕೊಂಡು ಮಾಡಿದ್ದು ಅನ್ನೋದು ನೆನಪಿರಲಿ.

ಮೊದಲು ದುಡ್ಡು ಕಳೆದ ಕತೆ. ಬೆಲ್ಟ್ 2,200. ಮೊಣಕಾಲಿನ ಸ್ಲೀವ್ಸ್ 1,800. ಆನ್‌ಲೈನ್‌ನಲ್ಲಿ ಒಂದು ಪ್ರೋಗ್ರಾಂ ಪಿಡಿಎಫ್‌ಗೆ 2,500, ಅದರಲ್ಲಿ ಇದ್ದದ್ದು ಎಲ್ಲರಿಗೂ ಗೊತ್ತಿರುವ ಐದರ ಐದು ಸೆಟ್ಟೇ (ಒಂದು ಸೆಟ್ಟಿಗೆ ಐದು ಸಲ, ಅಂಥವು ಐದು). ಆಮೇಲೆ ಸ್ಮೋಲೋವ್ ಅನ್ನೋ ರಷ್ಯಾದ ಸ್ಕ್ವಾಟ್ ಪ್ರೋಗ್ರಾಂ ತಲೆಗೆ ಹತ್ತಿತು. ವಾರಕ್ಕೆ ನಾಲ್ಕು ದಿನ ಸ್ಕ್ವಾಟ್: ಒಂಬತ್ತರ ನಾಲ್ಕು ಸೆಟ್, ಏಳರ ಐದು, ಐದರ ಏಳು, ಮೂರರ ಹತ್ತು. ದಿನ ಕಳೆದಂತೆ ಭಾರ ಏರುತ್ತಾ ಹೋಗುತ್ತದೆ. ಎರಡನೇ ವಾರದ ಕೊನೆಗೆ ಎಡ ಮೊಣಕಾಲು ಮಂಡಿಯ ಮೆಟ್ಟಿಲು ಹತ್ತಲೂ ಬಿಡಲಿಲ್ಲ. ಫಿಸಿಯೋ ಹತ್ತಿರ ಆರು ಸಿಟ್ಟಿಂಗ್, ಒಂದಕ್ಕೆ 400. ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು. ಸ್ಕ್ವಾಟ್ ಅಲ್ಲೇ ಇತ್ತು.

ಕಾಲು ಸರಿಯಾದ ಮೇಲೆ ಹಠಕ್ಕೆ ಬಿದ್ದು 90 ಹಾಕಿದೆ. ನಮ್ಮ ರ‍್ಯಾಕ್‌ಗೆ ಆಗ ಸೇಫ್ಟಿ ಪಿನ್ (ಬಾರ್ ಬಿದ್ದರೆ ತಡೆಯುವ ಸರಳು) ಇರಲಿಲ್ಲ, ಯಾವತ್ತೋ ಕಳೆದುಹೋಗಿತ್ತು. ಕೆಳಗೆ ಹೋದವನು ಮೇಲೆ ಬರಲಿಲ್ಲ. ಬಾರ್ ಹಿಂದಕ್ಕೆ ಬಿಟ್ಟೆ. ರಬ್ಬರ್ ಮ್ಯಾಟ್‌ನ ಅಂಚಿಗೆ ಬಿದ್ದು ಎರಡು ಟೈಲ್ಸ್ ಹೋಳಾಯಿತು. ಓನರ್ 600 ರೂಪಾಯಿ ಇಸ್ಕೊಂಡ.

ಆ 600 ಕೊಟ್ಟ ಸಿಟ್ಟಿನಲ್ಲೇ ಇನ್ನೊಂದು ಕೆಲಸ ಮಾಡಿದೆ. ಭಾನುವಾರ ಮಂಡಿಯ ಪ್ಲಾಟ್‌ಫಾರಂ ಕಾಟಾವನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಜಿಮ್‌ಗೆ ತಂದೆ. ಬರೀ ನಾನು ನಿಂತರೆ 74.2. ಬಾರ್ ಹಿಡಿದು ನಿಂತರೆ 89.8. ಅಂದರೆ '20 ಕೆಜಿ' ಬಾರ್ ಇದ್ದದ್ದು 15.6. ಪ್ಲೇಟುಗಳ ಕತೆಯೂ ಅಷ್ಟೇ, 20 ಅಂತ ಅಚ್ಚು ಹಾಕಿದ ಒಂದು 18.9, ಇನ್ನೊಂದು 19.4. ಲೆಕ್ಕ ಕೂಡಿದರೆ ನನ್ನ 85 ಅನ್ನೋದು 77 ಚಿಲ್ಲರೆ. ಅಡಿಕೆಯಲ್ಲಿ ಇಷ್ಟು ತೂಕ ಹೊಡೆದರೆ ರೈತರು ಮಂಡಿಗೇ ಬಂದು ಕೂರುತ್ತಾರೆ. ಜಿಮ್‌ನಲ್ಲಿ ಯಾರೂ ಕೇಳಲ್ಲ, ಜಾಸ್ತಿ ಎತ್ತಿದ ಹಾಗೆ ಕಂಡರೆ ಯಾರಿಗೆ ಬೇಜಾರು? ಅವತ್ತಿಂದ ಪ್ರತಿ ಪ್ಲೇಟಿನ ಹಿಂದೆ ನಿಜವಾದ ತೂಕ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ. ಇನ್ನು ಮುಂದೆ ಹೇಳುವ ತೂಕವೆಲ್ಲ ಕಾಟಾ ತೂಕ.

ಅದೇ ವಾರ ಫೋನನ್ನು ನೀರಿನ ಬಾಟಲಿಗೆ ಒರಗಿಸಿ, ಮೊಣಕಾಲಿನ ಎತ್ತರಕ್ಕೆ, ಪಕ್ಕದಿಂದ ವಿಡಿಯೋ ತೆಗೆದೆ. ಎದುರಿನ ಕನ್ನಡಿ ಎರಡು ವರ್ಷ ಸುಳ್ಳು ಹೇಳಿತ್ತು. ತೊಡೆ ಸೊಂಟಕ್ಕೆ ಸೇರುವ ಮಡಿಕೆ ಮೊಣಕಾಲಿಗಿಂತ ಕೆಳಗಿಳಿಯಬೇಕು ಅಲ್ವಾ? ನನ್ನದು ನಾಲ್ಕು ಬೆರಳು ಮೇಲೇ ನಿಂತಿತ್ತು. ಕೆಳಗೆ ಹೋಗುವಾಗ ಹಿಮ್ಮಡಿ ಎದ್ದು, ಅಡಿಯಲ್ಲಿ ಎಟಿಎಂ ಕಾರ್ಡ್ ತೂರುವಷ್ಟು ಜಾಗ. ಏಳುವಾಗ ಮೊದಲು ಕುಂಡಿ, ಆಮೇಲೆ ಎದೆ. ಬಾರ್ ಕಾಲ್ಬೆರಳಿನಾಚೆ. ಇನ್ನೊಂದು ಕಂಡದ್ದು, ನಾನು ಇಳಿಯುತ್ತಿರಲಿಲ್ಲ, ಬೀಳುತ್ತಿದ್ದೆ. ಕೆಳಗಿನ ಆ ಜಾಗಕ್ಕೆ ಹೆದರಿ, ಮುಟ್ಟಿದ ಹಾಗೆ ಮಾಡಿ ಓಡಿ ಬರುತ್ತಿದ್ದೆ. ಪೂರ್ತಿ ಕೂತು ನೋಡಿದರೆ 65ಕ್ಕೇ ಕಾಲು ನಡುಗಿತು.

ಹಾಗಾದರೆ ಆ ಜಾಗದಲ್ಲೇ ಹೋಗಿ ಕೂರೋಣ ಅಂದುಕೊಂಡೆ. ಇಷ್ಟೇ ನನ್ನ ವಿಧಾನ.

ಮೊದಲು ಶೂ, ಆ ಏಳುವ ಹಿಮ್ಮಡಿಗೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ನೆನಪಿರಬಹುದು. ವೇಟ್‌ಲಿಫ್ಟರ್‌ಗಳ ಶೂ ಗಮನಿಸಿದ್ದೀರಾ? ಹಿಮ್ಮಡಿ ಎತ್ತರ, ಅಡಿ ಕಲ್ಲಿನ ಹಾಗೆ ಗಟ್ಟಿ. ಕೊಳ್ಳಲು ಹೋದರೆ ಆಗ ಎಂಟೊಂಬತ್ತು ಸಾವಿರ ಇತ್ತು. ನಾನು ಹಳೇ ಕ್ಯಾನ್ವಾಸ್ ಶೂ ತಗೊಂಡು ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರ ಬಳಿ ಹೋದೆ. "ಹೆಣ್ಣು ನೋಡಕ್ಕೆ ಹೊಂಟ್ರಾ ಸಾರ್?" ಅಂದರು. ಎತ್ತರ ಕಾಣಲಿಕ್ಕೆ ಅಂದುಕೊಂಡರು. ಹಳೇ ಚರ್ಮದ ಸೋಲ್ ಕತ್ತರಿಸಿ ಮೂರು ಪದರ ಅಂಟಿಸಿ, ಸಣ್ಣ ಮೊಳೆ ಹೊಡೆದು, ಅಂಚು ಉಜ್ಜಿಕೊಟ್ಟರು. ಎರಡು ಸೆಂಟಿಮೀಟರ್‌ಗೆ ಸ್ವಲ್ಪ ಕಮ್ಮಿ. 180 ರೂಪಾಯಿ. ಎಡಗಾಲಿನದು ಒಂಚೂರು ಎತ್ತರ ಬಂದಿತ್ತು, ಬಾರ್ ಬಲಕ್ಕೆ ವಾಲುತ್ತಿತ್ತು. ವಾಪಸ್ ಹೋಗಿ ಉಜ್ಜಿಸಿಕೊಂಡು ಬಂದೆ. ಮೆತ್ತನೆ ರನ್ನಿಂಗ್ ಶೂನಲ್ಲಿ ಸ್ಕ್ವಾಟ್ ಮಾಡೋದು ಹಾಸಿಗೆ ಮೇಲೆ ನಿಂತು ಮೂಟೆ ಹೊತ್ತ ಹಾಗೆ, ಅದನ್ನು ಮಾತ್ರ ಬಿಡಿ.

ವಾರಕ್ಕೆ ಮೂರು ದಿನ, ಸೋಮ, ಗುರು, ಶನಿ. ಶುರು ಮಾಡಿದ್ದು 50ರಿಂದ. ಮೂರರ ಐದು ಸೆಟ್. ಕೆಳಗೆ ಹೋಗಿ ಅಲ್ಲೇ ನಿಂತು ಮೂರು ಎಣಿಸಿ ಏಳೋದು, ಇದೇ ಪಾಸ್ (pause). ಎಣಿಸೋದು ಪ್ರಾಮಾಣಿಕವಾಗಿರಬೇಕು. ನನ್ನ ಮೂರು ಮೊದಮೊದಲು ಒಂದೂವರೆ ಸೆಕೆಂಡ್ ಇತ್ತು, ವಿಡಿಯೋದಲ್ಲಿ ಗೊತ್ತಾಯಿತು. ಯಾವ ಸೆಟ್ಟನ್ನೂ ಸತ್ತು ಬದುಕಿ ಮುಗಿಸಬಾರದು. ಇನ್ನೂ ಎರಡು ಹೊಡೆಯಬಹುದು ಅನ್ನುವಾಗಲೇ ಬಾರ್ ಇಡಬೇಕು. 50 ಹಾಕಿ ಕೆಳಗೆ ಕೂತವನನ್ನು ನೋಡಿ ಜಿಮ್‌ನಲ್ಲಿ ನಗದವರಿಲ್ಲ. ಟ್ರೇನರ್ ಬಂದು "ಸಾರ್, ಸಿಕ್ಕಾಕೊಂಡ್ರಾ?" ಅಂತ ಬಾರ್ ಹಿಡಿಯಲು ಹೋದ, ಎರಡು ಸಲ.

ಪ್ರತಿ ದಿನಕ್ಕೆ ಒಂದು ಕೆಜಿ ಏರಿಸಬೇಕಿತ್ತು. ಜಿಮ್‌ನಲ್ಲಿ ಸಣ್ಣದು ಅಂದರೆ ಎರಡೂವರೆ. ಮಂಡಿಯ ಮೂಲೆಯಲ್ಲಿ ಹಳೇ ತಕ್ಕಡಿಯ ತೂಕದ ಕಲ್ಲು ಬಿದ್ದಿದ್ದವು. ಕಬ್ಬಿಣದ್ದೇ, ಬಾಯಲ್ಲಿ ಕಲ್ಲು ಅಂತೀವಿ. ಅರ್ಧ ಕೆಜಿಯದು ಆಚೆಗೊಂದು ಈಚೆಗೊಂದು, ಸೈಕಲ್ ಟ್ಯೂಬ್‌ನಲ್ಲಿ ಬಿಗಿದು ಕಟ್ಟಿದೆ. ಖರ್ಚು ಸೊನ್ನೆ. ಹತ್ತು ವಾರಕ್ಕೆ, ಅಂದಾಜು, ಪಾಸ್ ಮಾಡಿಕೊಂಡೇ 78 ಎದ್ದೆ. ಹಿಂದೆ ಅರ್ಧಂಬರ್ಧ ಎದ್ದಿದ್ದ ತೂಕವನ್ನು ಈಗ ಮೂರು ಎಣಿಸಿ ಏಳುತ್ತಿದ್ದೆ. ನಗು ನಿಂತಿತು.

82ರಲ್ಲಿ ಮತ್ತೆ ಗೋಡೆ. ಮೂರು ವಾರ ಅಲ್ಲಾಡಲಿಲ್ಲ. ಇದನ್ನು ಬಿಡಿಸಿದ್ದು ಜಿಮ್ ಅಲ್ಲ, ನಮ್ಮ ಮಂಡಿಯ ಹಮಾಲರು. ಅಡಿಕೆ ಚೀಲ ಅಂದರೆ 65-70 ಕೆಜಿ. ಅರವತ್ತರ ಹತ್ತಿರದ ಒಬ್ಬ ಹಿರಿಯರು ಬಗ್ಗಿ ನಿಲ್ಲುತ್ತಾರೆ, ಇಬ್ಬರು ಬೆನ್ನಿಗೆ ಚೀಲ ಇಡುತ್ತಾರೆ. ಎಂಟು ವರ್ಷದಿಂದ ನೋಡುತ್ತಿದ್ದೇನೆ, ಅವತ್ತು ಮೊದಲ ಸಲ ಅವರ ಹೊಟ್ಟೆ ನೋಡಿದೆ. ಚೀಲ ಕೂರುವ ಮುಂಚೆ ಹೊಟ್ಟೆ ಸುತ್ತ ಉಬ್ಬಿತು. ಟವೆಲ್ ಬಿಗಿದಿದ್ದ ಸೊಂಟದ ಪಕ್ಕ, ಹಿಂದೆ ಕೂಡ. ಲಾರಿಗೆ ಒರಗುವ ತನಕ ಬಾಯಿ ಬಿಡಲಿಲ್ಲ. ಕೇಳಿದ್ದಕ್ಕೆ, "ಉಸ್ರು ಬಿಟ್ರೆ ಚೀಲ ನಮ್ಮನ್ನ ಕೂರಿಸ್ತದೆ ರೈಟ್ರೇ. ಎದೆಗಲ್ಲ, ಹೊಟ್ಟೆಗೆ ತಗೋಬೇಕು" ಅಂದರು. ನಾನು 2,200ರ ಬೆಲ್ಟನ್ನು ಕಾರ್ಸೆಟ್ ಥರ ಬಿಗಿದು, ಹೊಟ್ಟೆ ಒಳಗೆಳೆದುಕೊಂಡು ಸ್ಕ್ವಾಟ್ ಮಾಡುತ್ತಿದ್ದೆ. ಒಂದು ತೂತು ಸಡಿಲ ಮಾಡಿ, ಬೆಲ್ಟ್ ಮೇಲೆ ಹೊಟ್ಟೆ ಒತ್ತಿ ಹಿಡಿದೆ. ಎರಡೇ ವಾರಕ್ಕೆ 86.

ಆಮೇಲೆ ಮೂರೂ ದಿನ ಪಾಸ್ ಮಾಡೋದು ಬಿಟ್ಟೆ. ಸೋಮವಾರ ಪಾಸ್, ಗುರುವಾರ ಹಗುರ, ಶನಿವಾರ ನಿಲ್ಲಿಸದೆ ಭಾರ. ಅಲ್ಲಿಂದ ಏರಿಕೆ ನಿಧಾನ, ವಾರಕ್ಕೆ ಒಂದು, ಒಂದೂವರೆ ಕೆಜಿ. ಚೌತಿ, ದಸರಾ, ಒಂದು ಜ್ವರ, ಮಂಡಿಯ ಸೀಸನ್ ಎಲ್ಲ ಸೇರಿ ಒಂದು ತಿಂಗಳಿಗಿಂತ ಜಾಸ್ತಿ ಹಾಳಾಗಿದೆ. ಆದರೂ ಶುರು ಮಾಡಿದ ಹತ್ತನೇ ತಿಂಗಳಿಗೆ 115.

ನಡುವೆ ಗರಡಿ ಹುಚ್ಚು ಒಂದು ಹತ್ತಿತ್ತು. ಪೈಲ್ವಾನರಾಗಿದ್ದ ನಮ್ಮ ದೊಡ್ಡಪ್ಪ "ಬಾರ್ ಯಾಕೋ, ದಿನಾ ನೂರು ಬಸ್ಕಿ ಹೊಡಿ" ಅಂದರು. ನಲವತ್ತು ದಿನ ಹೊಡೆದೆ. ಮೆಟ್ಟಿಲು ಹತ್ತುವಾಗ ಏದುಸಿರು ನಿಂತಿತು, ಹಿಮ್ಮಡಿಯ ಗಂಟು ಸಡಿಲಾಯಿತು. ಬಾರ್ ಮೇಲೆ ಒಂದು ಕೆಜಿಯೂ ಏರಲಿಲ್ಲ. ಬಸ್ಕಿಯಲ್ಲಿ ಹಿಮ್ಮಡಿ ಎತ್ತಿ ಮುಂಗಾಲಿನ ಮೇಲೆ ಕೂರೋದು, ಬಾರ್‌ನಲ್ಲಿ ಅದೇ ಅಭ್ಯಾಸ ಮರಳಿ ಬರತೊಡಗಿತು. ಬಿಟ್ಟೆ. ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ. ಪ್ರೋಟೀನ್ ಡಬ್ಬ ಎರಡು ತಿಂಗಳು ತಗೊಂಡೆ, ಎರಡು ತಿಂಗಳು ಬಿಟ್ಟು ದಿನಕ್ಕೆ ಆರು ಮೊಟ್ಟೆ ತಿಂದೆ. ನನಗೆ ವ್ಯತ್ಯಾಸ ಕಂಡದ್ದು ಪರ್ಸಿನಲ್ಲಿ ಮಾತ್ರ. ದಿನಾ ರಾತ್ರಿ ಪೇಪರ್ ಓದುತ್ತಾ ಐದು ನಿಮಿಷ ಕುಕ್ಕರಗಾಲಲ್ಲಿ ಕೂರೋದು ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಶನಿವಾರದ ಭಾರದ ಸೆಟ್ಟಿಗೆ ಮುಂಚೆ ಏನು ಮಾಡುತ್ತೇನೆ ಅಂತ ಇಬ್ಬರು ಕೇಳಿದ್ದಾರೆ. ಅದನ್ನು ಹೇಳಲ್ಲ. ಮುಂದಿನ ವರ್ಷ ಜಿಲ್ಲಾ ಮಟ್ಟದ ಸ್ಪರ್ಧೆಗೆ ಇಳಿಯುವ ಯೋಚನೆ ಇದೆ, ಆಮೇಲೆ ನೋಡೋಣ. ಒಂದು ಸುಳಿವು, ದುಡ್ಡಿನದಲ್ಲ, ಗುಳಿಗೆಯದೂ ಅಲ್ಲ.

ಜಾತಕ ಹೇಳಿದ ಸೀನಿಯರ್ ಮೊನ್ನೆ ಚಪ್ಪಲಿ ಹೊಲಿಯುವವರ ಜಾಗ ಕೇಳಿದರು. ಹೇಳಿದೆ. ಅಲ್ಲಿ ರೇಟ್ ಈಗ 250 ಆಗಿದೆಯಂತೆ. ನಾನು ಕಳೆದ ಎರಡು ಶನಿವಾರ 120ಕ್ಕೆ ಕೈ ಹಾಕಿ ಎರಡೂ ಸಲ ಬಿಟ್ಟಿದ್ದೇನೆ. ಕೆಳಗಿನಿಂದ ಎದ್ದು ಬರುತ್ತೇನೆ, ಅರ್ಧದಲ್ಲಿ ನಿಲ್ಲುತ್ತದೆ. ವಿಡಿಯೋ ನೋಡಿದರೆ ಬಲ ಮೊಣಕಾಲು ಒಳಗೆ ವಾಲುತ್ತಿದೆ. ಗುರುವಾರ ಮತ್ತೆ 70ಕ್ಕೆ ಇಳಿಯುತ್ತೇನೆ. ಅಂದ ಹಾಗೆ, ಓನರ್ ಸೇಫ್ಟಿ ಪಿನ್ ತರಿಸಿದ್ದಾನೆ. ಟೈಲ್ಸ್ ಇನ್ನೂ ಹಾಕಿಸಿಲ್ಲ.