ಕೀಲಿನ ಪೊರೆಯ ಕೋಶ ಬೆಳೆಸಲು ಹೋಗಿ ಮೂರು ತಿಂಗಳು ಕಳೆದುಕೊಂಡೆ

ಮಂಡಿ ಬದಲಿಸುವ ಆಪರೇಷನ್ನಿನಿಂದ ಬಂದ ಡಬ್ಬಿಯ ಮುಚ್ಚಳ ತೆಗೆದಾಗಲೇ ಅದು ಯಾವ ಕಾಯಿಲೆಯ ಕೀಲು ಅಂತ ಬಹುಮಟ್ಟಿಗೆ ಗೊತ್ತಾಗಿಬಿಡುತ್ತೆ. ಸವೆದ ಮಂಡಿಯದಾದರೆ ಸೈನೋವಿಯಂ, ಅಂದರೆ ಕೀಲಿನ ಒಳಗಿನ ಪೊರೆ, ಹೆಚ್ಚಾಗಿ ತೆಳ್ಳಗೆ, ಹಳದಿ ಕೊಬ್ಬಿಗೆ ಅಂಟಿಕೊಂಡಿರುತ್ತೆ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಕೀಲುಗಳ ಮೇಲೇ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತದ್ದಾದರೆ ಕೆಂಪಗೆ, ಬೆರಳು ಬೆರಳಾಗಿ ಊದಿಕೊಂಡಿರುತ್ತೆ. ಆರೋಗ್ಯವಾದ ಕೀಲಿನಲ್ಲಿ ಈ ಪೊರೆಯ ಒಳಪದರ ಒಂದರಿಂದ ಮೂರು ಕೋಶಗಳಷ್ಟೇ ದಪ್ಪ. ರುಮಟಾಯ್ಡ್‌ನಲ್ಲಿ 10–15 ಸಾಲಿಗೂ ಏರುತ್ತೆ. ಅಲ್ಲಿರುವುದು ಮುಖ್ಯವಾಗಿ ಎರಡು ಬಗೆ: ಕಸ ನುಂಗುವ ಮ್ಯಾಕ್ರೋಫೇಜ್ ಜಾತಿಯವು, ಹಯಲುರಾನ್ ಮತ್ತು ಲೂಬ್ರಿಸಿನ್ ಸುರಿಸಿ ಕೀಲನ್ನು ಜಾರುವಂತೆ ಇಡುವ ಫೈಬ್ರೊಬ್ಲಾಸ್ಟ್ ಜಾತಿಯವು. ನನಗೆ ಬೇಕಿದ್ದದ್ದು ಎರಡನೆಯವು.

ಬೇಸರದ ಕೆಲಸ ಅಂದರೆ ಕೊಬ್ಬು ಬಿಡಿಸುವುದು. ಆಮೇಲೆ ಸಣ್ಣಗೆ ಕತ್ತರಿಸಿ, ಅಂಗಾಂಶ ಬಿಡಿಸುವ ಕಿಣ್ವವಾದ ಕೊಲಾಜಿನೇಸ್ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಒಂದೆರಡು ಗಂಟೆ ಅಲುಗಾಡಿಸಿ, ಸೋಸಿ ಫ್ಲಾಸ್ಕಿಗೆ ಹಾಕುತ್ತೇನೆ. ಹೆಚ್ಚು ಸಿಗಲಿ ಅಂತ ಆಸೆಪಟ್ಟು ಒಮ್ಮೆ ರಾತ್ರಿಯೆಲ್ಲ ಬಿಟ್ಟಿದ್ದೆ. ಬೆಳಿಗ್ಗೆ ಸಿಕ್ಕಿದ್ದು ಸತ್ತ ಕೋಶಗಳ ಡಿಎನ್‌ಎ ಲೋಳೆ. ಮೊದಮೊದಲು ಎಲ್ಲ ಜಾತಿಯೂ ಕಲಸಿಕೊಂಡಿರುತ್ತೆ. ಮ್ಯಾಕ್ರೋಫೇಜ್‌ಗಳು ಫ್ಲಾಸ್ಕಿನಲ್ಲಿ ವೃದ್ಧಿಯಾಗುವುದಿಲ್ಲವಾದ್ದರಿಂದ ಮೂರನೇ ಪ್ಯಾಸೇಜ್ (ಕೋಶಗಳನ್ನು ಹೊಸ ಫ್ಲಾಸ್ಕಿಗೆ ಬದಲಿಸುವುದು) ಹೊತ್ತಿಗೆ ಕದಿರಿನ ಆಕಾರದ ಫೈಬ್ರೊಬ್ಲಾಸ್ಟ್‌ಗಳೇ ಉಳಿಯುತ್ತವೆ.

ಪ್ರಯೋಗ ಸರಳ: ಉರಿಯೂತ ಕೆರಳಿಸುವ ಪ್ರೋಟೀನ್ ಟಿಎನ್‌ಎಫ್ ಹಾಕಿ, 24 ಗಂಟೆ ಬಿಟ್ಟು, ಕೆರಳಿದ ಕೋಶಗಳು ಸುರಿಸುವ ಉರಿಯೂತದ ಸಂಕೇತ ಐಎಲ್-6 ಎಷ್ಟು ಬಂತು ಅಂತ ಅಳೆಯುವುದು. ಬಂತು, ಧಾರಾಳವಾಗಿಯೇ ಬಂತು. ಟಿಎನ್‌ಎಫ್ ಹಾಕದ ಬಾವಿಗಳಲ್ಲೂ (ಕೋಶ ಬೆಳೆಸುವ ತಟ್ಟೆಯ ಗುಳಿಗಳಲ್ಲೂ) ಬಂತು. ರುಮಟಾಯ್ಡ್ ಕೋಶಗಳು ತಾವಾಗಿಯೇ ಕೆರಳಿವೆ ಅಂದುಕೊಂಡು ಗ್ರಾಫ್ ಕೂಡ ಬರೆದಿಟ್ಟೆ. ಸವೆದ ಮಂಡಿಯ ಕೋಶಗಳೂ ಅಷ್ಟೇ ಐಎಲ್-6 ಕೊಟ್ಟಾಗ ಎದೆ ಧಸಕ್ಕೆಂದಿತು. ಡಿಎನ್‌ಎ ಬಣ್ಣ ಹಾಕಿ ನೋಡಿದರೆ ನ್ಯೂಕ್ಲಿಯಸ್ಸಿನ ಹೊರಗೆಲ್ಲ ಸಣ್ಣ ಸಣ್ಣ ಹೊಳೆಯುವ ಚುಕ್ಕಿ. ಮೈಕೊಪ್ಲಾಸ್ಮಾ! ಕೋಶಗಳ ಪೋಷಕ ದ್ರವ, ಅಂದರೆ ಮೀಡಿಯಂ, ತಿಳಿಯಾಗಿಯೇ ಇತ್ತು. ಈ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿಯೇ ಇಲ್ಲ, ಹಾಗಾಗಿ ಕೋಶಭಿತ್ತಿಯ ಮೇಲೆ ಕೆಲಸ ಮಾಡುವ, ನಾನು ಹಾಕುತ್ತಿದ್ದ ಪೆನಿಸಿಲಿನ್ ಅದನ್ನು ಮುಟ್ಟಿಯೂ ಇರಲಿಲ್ಲ. ಮೂರು ತಿಂಗಳ ಕೆಲಸ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಸೇರಿತು.

ಆದರೆ ಆ ಕೆಟ್ಟ ಗ್ರಾಫನ್ನು ನಾನಿನ್ನೂ ಅಳಿಸಿಲ್ಲ. ಆ ಫ್ಲಾಸ್ಕುಗಳಲ್ಲಿ ರೋಗನಿರೋಧಕ ವ್ಯವಸ್ಥೆಯ ಟಿ ಕೋಶ ಇರಲಿಲ್ಲ, ಮ್ಯಾಕ್ರೋಫೇಜ್ ಇರಲಿಲ್ಲ. ಪೊರೆಗೆ ಆಧಾರವಾಗಿ ಸುಮ್ಮನೆ ನಿಂತಿರುತ್ತವೆ ಅಂತ ನಾನು ತಿಳಿದಿದ್ದ ಕೋಶಗಳು ಬ್ಯಾಕ್ಟೀರಿಯಾದ ಲಿಪೊಪ್ರೋಟೀನನ್ನು ತಾವೇ ಗುರುತಿಸಿ ಉರಿಯೂತದ ಕೂಗು ಹಾಕಿದ್ದವು. 1996ರಲ್ಲಿ ಪ್ರಕಟವಾದ ಇಲಿ ಪ್ರಯೋಗ ಆಗ ನನಗೆ ಸರಿಯಾಗಿ ಅರ್ಥವಾಯಿತು: ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಲ್ಲಿ ಮನುಷ್ಯರ ಮೃದ್ವಸ್ಥಿಯ ಚೂರಿನ ಜೊತೆ ರುಮಟಾಯ್ಡ್ ಫೈಬ್ರೊಬ್ಲಾಸ್ಟ್‌ಗಳನ್ನು ಇಟ್ಟಾಗ, ಅವು ಯಾರ ಕುಮ್ಮಕ್ಕೂ ಇಲ್ಲದೆ ಮೃದ್ವಸ್ಥಿಯೊಳಗೆ ಕೊರೆದುಕೊಂಡು ಹೋಗಿದ್ದವು.

ಶುದ್ಧ ಕೋಶಗಳಲ್ಲಿ ಮತ್ತೆ ಮಾಡಿದೆ. ಟಿಎನ್‌ಎಫ್ ಇಲ್ಲದ ಬಾವಿಗಳಲ್ಲಿ ಐಎಲ್-6 ತೀರಾ ಕಡಿಮೆ. ಹಾಕಿದ ಕಡೆ ಅದೂ ಏರಿತು, ಮೃದ್ವಸ್ಥಿ ಕರಗಿಸುವ ಕಿಣ್ವಗಳಾದ ಎಂಎಂಪಿ-1, ಎಂಎಂಪಿ-3 ಕೂಡ ಏರಿದವು. ಈಗ ಹೊಸದಾಗಿ ಬಂದ ಫ್ಲಾಸ್ಕನ್ನು, ಮೈಕೊಪ್ಲಾಸ್ಮಾ ಇಲ್ಲ ಅಂತ ಪರೀಕ್ಷೆಯಲ್ಲಿ ಗೊತ್ತಾಗುವವರೆಗೆ ಬೇರೆ ಇನ್ಕ್ಯುಬೇಟರಿನಲ್ಲೇ ಇಡುತ್ತೇನೆ.