ಕಣ್ಣು ಕಾಣದ ಮಕ್ಕಳಿಗೆ ಟ್ಯಾಬ್ ಕಲಿಸುವುದು ಹೀಗೆ

ಅಂಧ ಮಗುವಿನ ಕೈಗೆ ಟ್ಯಾಬ್ ಕೊಟ್ಟು ಏನು ಪ್ರಯೋಜನ ಎಂದು ಕೇಳುವವರು ಈಗಲೂ ಇದ್ದಾರೆ. ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಸೌಲಭ್ಯ ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಹೆಸರಿನಲ್ಲಿ, ಐಪ್ಯಾಡ್‌ನಲ್ಲಿ ವಾಯ್ಸ್‌ಓವರ್ ಹೆಸರಿನಲ್ಲಿ ಇದೆ. ಎರಡೂ ಪುಕ್ಕಟೆ. ಮಗು ಕಲಿಯುತ್ತದೆ. ಮೊದಲು ಕಲಿಯಬೇಕಾದವರು ನಾವು. ಇಲ್ಲಿ ಹೇಳುವುದು ಆಂಡ್ರಾಯ್ಡ್ ಟ್ಯಾಬ್ ಬಗ್ಗೆ.

ಮೊದಲು ನೀವು ಕಣ್ಣು ಮುಚ್ಚಿ

ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಟಾಕ್‌ಬ್ಯಾಕ್ ಇರುತ್ತದೆ. ಆನ್ ಮಾಡುವಾಗಲೇ ಅದರ ಶಾರ್ಟ್‌ಕಟ್ ಕೂಡ ಆನ್ ಮಾಡಿಡಿ. ಆಮೇಲೆ ವಾಲ್ಯೂಮ್‌ನ ಎರಡೂ ಬಟನ್‌ಗಳನ್ನು ಒಟ್ಟಿಗೆ ಕೆಲವು ಸೆಕೆಂಡು ಒತ್ತಿ ಹಿಡಿದರೆ ಸಾಕು, ಆನ್ ಅಥವಾ ಆಫ್ ಆಗುತ್ತದೆ. ಈಗ ಕಣ್ಣು ಮುಚ್ಚಿಕೊಂಡು ಒಂದು ವಾಟ್ಸ್ಆ್ಯಪ್ ಮೆಸೇಜ್ ಕಳಿಸಿ ನೋಡಿ. ಅದು ಆಗುವವರೆಗೆ ಮಗುವಿನ ಮುಂದೆ ಕೂರಬೇಡಿ.

ಧ್ವನಿಯನ್ನು ಕನ್ನಡಕ್ಕೆ ಬದಲಿಸಿ, ವೇಗ ಕಮ್ಮಿ ಇಡಿ. ರೂಢಿಯಾದ ಮೇಲೆ ಮಕ್ಕಳೇ ವೇಗ ಜಾಸ್ತಿ ಮಾಡಿಕೊಳ್ಳುತ್ತಾರೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಮಾತಾಡುವ ಮಗುವಾದರೆ ನೀವು ಅದೇ ಭಾಷೆಯಲ್ಲಿ ವಿವರಿಸಿ.

ಟ್ಯಾಬ್‌ನ ಪರಿಚಯ

ಆಫ್ ಮಾಡಿದ ಟ್ಯಾಬನ್ನೇ ಕೈಗೆ ಕೊಡಿ. ಅಂಚು, ಚಾರ್ಜಿಂಗ್ ತೂತು, ವಾಲ್ಯೂಮ್ ಬಟನ್ ಎಲ್ಲವನ್ನೂ ಮುಟ್ಟಿ ನೋಡಲಿ. ಪವರ್ ಬಟನ್ ಪಕ್ಕ ಉಬ್ಬಿದ ಸ್ಟಿಕ್ಕರ್ ಬಿಂದಿ ಒಂದು ಅಂಟಿಸಿದರೆ ಹುಡುಕುವುದು ಸುಲಭ. ಟ್ಯಾಬ್ ಜಾರದ ಹಾಗೆ ಕೆಳಗೆ ರಬ್ಬರ್ ಮ್ಯಾಟ್ ಹಾಕಿ.

ಬೆರಳಿನ ಪಾಠ

ಒಂದು ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದು, ಎಡಕ್ಕೆ ಸರಿಸಿದರೆ ಹಿಂದಿನದು. ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ ಅಷ್ಟೇ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಎರಡು ಬೆರಳು ಸೇರಿಸಿ ಎಳೆದರೆ ಪುಟ ಸರಿಯುತ್ತದೆ. ಶುರುವಿಗೆ ಇಷ್ಟು ಸಾಕು.

ಹೆಚ್ಚಿನ ಮಕ್ಕಳು ತಡವರಿಸುವುದು ಮೊದಲನೆಯದರಲ್ಲೇ. ಹೆದರಿಕೊಂಡು ಬೆರಳನ್ನು ಒತ್ತಿ ನಿಧಾನಕ್ಕೆ ಎಳೆಯುತ್ತಾರೆ. ಆಗ ಟಾಕ್‌ಬ್ಯಾಕ್ ಮುಂದಿನದಕ್ಕೆ ಹೋಗುವುದಿಲ್ಲ, ಬೆರಳಿನ ಕೆಳಗೆ ಬಂದದ್ದನ್ನೆಲ್ಲ ಓದುತ್ತಾ ಹೋಗುತ್ತದೆ. ಅಂಗಿ ಮೇಲಿನ ಇರುವೆಯನ್ನು ಕೊಡವಿದ ಹಾಗೆ, ಹಗುರಾಗಿ, ಬೇಗ ಸರಿಸಬೇಕು. ಇದನ್ನು ತೋರಿಸುವಾಗ ಮಗುವಿನ ಬೆರಳು ಹಿಡಿದು ಎಳೆಯಬೇಡಿ. ನಿಮ್ಮ ಕೈ ಮೇಲೆ ಅದರ ಕೈ ಇಟ್ಟುಕೊಳ್ಳಲಿ, ನೀವು ಸರಿಸುವ ವೇಗ ಅದಕ್ಕೆ ಗೊತ್ತಾಗುತ್ತದೆ. ಆಮೇಲೆ ಸುಮ್ನೆ ಬಿಟ್ಟುಬಿಡಿ. ತಪ್ಪು ಆ್ಯಪ್ ತೆರೆದರೂ ತಾನೇ ಹಿಂದೆ ಬರಲಿ.

ನಮ್ಮ ಊರಿನ ಸೆಕೆಯಲ್ಲಿ ಬೆರಳು ಬೆವರಿದರೂ ಪರದೆ ಸರಿಯಾಗಿ ಕೇಳುವುದಿಲ್ಲ. ಪಕ್ಕದಲ್ಲೊಂದು ಹತ್ತಿ ಬಟ್ಟೆ ಇರಲಿ.

ಸ್ವಲ್ಪ ಕಾಣುವವರಿಗೆ

ಮಂದದೃಷ್ಟಿಯ ಮಕ್ಕಳಿಗೆಲ್ಲ ಟಾಕ್‌ಬ್ಯಾಕ್ ಬೇಕೆಂದಿಲ್ಲ. ದೊಡ್ಡ ಅಕ್ಷರ, ಕಪ್ಪಿನ ಮೇಲೆ ಬಿಳಿ, ಪರದೆಯನ್ನು ಹಿಗ್ಗಿಸಿ ತೋರಿಸುವ ಮ್ಯಾಗ್ನಿಫಿಕೇಶನ್ ಒಂದೊಂದಾಗಿ ಹಾಕಿ ಅವರನ್ನೇ ಕೇಳಿ. ಸಂಜೆ ಕಣ್ಣು ದಣಿದಾಗ ಮಾತ್ರ ಧ್ವನಿ ಬಳಸುವವರೂ ಇರುತ್ತಾರೆ.

ನೋಟ್ಸ್ ಕಳಿಸುವ ಮೊದಲು

ಟ್ಯಾಬ್ ಕಲಿತ ಮಗುವೂ ಸೋಲುವುದು ಇಲ್ಲಿ, ತಪ್ಪು ಅದರದಲ್ಲ. ಪುಸ್ತಕದ ಫೋಟೋ ತೆಗೆದು ಪಿಡಿಎಫ್ ಮಾಡಿದರೆ ಓದಿ ಹೇಳಲು ಅದರಲ್ಲಿ ಅಕ್ಷರಗಳೇ ಇರುವುದಿಲ್ಲ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಆದರೆ ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಟ್ಯಾಬ್ ಅದನ್ನೇ ಓದುತ್ತದೆ, ಮಗುವಿಗೆ ಒಂದೂ ಅರ್ಥವಾಗುವುದಿಲ್ಲ. ಪರೀಕ್ಷೆ ಸುಲಭ: ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹಾಕಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ಅಂದರೆ ಫೈಲಿನ ಒಳಗೂ ಕನ್ನಡ ಅಕ್ಷರಗಳೇ ಇವೆ, ಕಳಿಸಿ. ಇಲ್ಲವಾದರೆ ಯೂನಿಕೋಡ್‌ಗೆ ಬದಲಿಸಿಯೇ ಕಳಿಸಿ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲೂ ಇಂಥ ಮಕ್ಕಳಿಗಾಗಿಯೇ ಸಿದ್ಧಪಡಿಸಿದ ಪುಸ್ತಕಗಳಿವೆ.

ಟ್ಯಾಬ್ ಬಂತೆಂದು ಬ್ರೈಲ್ ಬಿಡಿಸಬೇಡಿ. ಕೇಳಿ ಕಲಿತವರಿಗೆ ಎಲ್ಲಿ ಅಲ್ಪಪ್ರಾಣ, ಎಲ್ಲಿ ಮಹಾಪ್ರಾಣ ಎಂದು ತಿಳಿಯುವುದು ಕಷ್ಟ. ಆರು ಚುಕ್ಕಿಗಳನ್ನು ಬೆರಳಿನಲ್ಲಿ ಓದಿದವರಿಗೆ ಕಾಗುಣಿತ ಕೈಗೆ ಬಂದಿರುತ್ತದೆ.

ಇಯರ್‌ಫೋನ್ ಬೇಕೇ ಬೇಕು. ಜೂನ್, ಜುಲೈನಲ್ಲಿ ಹಂಚಿನ ಮಾಡಿನ ಮೇಲೆ ಮಳೆ ಸುರಿಯುವಾಗ ಟ್ಯಾಬ್‌ನ ಸ್ಪೀಕರ್ ಕೇಳಿಸದು. ಆದರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ ಕಾಯುವಾಗ ಒಂದೇ ಕಿವಿಗೆ ಹಾಕಲು ಹೇಳಿ. ಕಂಡಕ್ಟರ್ ಕೂಗುವ ಊರಿನ ಹೆಸರು ಇನ್ನೊಂದು ಕಿವಿಗೆ ಕೇಳಬೇಕಲ್ವಾ?