ಕುಡಿತ ಬಿಡುವವರ ಸಭೆಗೆ ಮೊದಲ ಸಲ ಹೋಗುವುದು ಹೇಗೆ?

ಕುಡಿತ ಬಿಡಬೇಕು ಅಂತ ಮನಸ್ಸು ಮಾಡಿದವರಿಗೆ ನಮ್ಮ ಮಲೆನಾಡಿನಲ್ಲಿ ಮೊದಲು ಅಡ್ಡ ಬರುವುದು ನಾಚಿಕೆ. ಯಾರಾದರೂ ನೋಡಿಬಿಟ್ಟರೆ? ನನ್ನ ದೊಡ್ಡಮ್ಮನ ಮಗ ಇದೇ ಹೆದರಿಕೆಯಲ್ಲಿ ಎರಡು ವರ್ಷ ಕಳೆದ. ತೀರ್ಥಹಳ್ಳಿ ಕಡೆಯ ಸಣ್ಣ ಊರು. ಅಲ್ಲಿ ಯಾರು ಯಾವ ಬಸ್ ಹತ್ತಿದರು ಅನ್ನುವುದೂ ಸುದ್ದಿ. ಕೊನೆಗೆ ಅವನ ಜೊತೆ ನಾನೂ ಹೋದೆ. ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಡಾಕ್ಟರ್

ದಿನವೂ ಜಾಸ್ತಿ ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ, ಒಂದು ಗುಟುಕು ಹಾಕಿದರೆ ನಿಲ್ಲುತ್ತದೆ ಅಂದರೆ ದೇಹ ಅದಕ್ಕೆ ಒಗ್ಗಿಹೋಗಿದೆ ಅಂತಲೇ ಅರ್ಥ. ಅಂಥವರಿಗೆ ಬಿಟ್ಟ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣುವುದು, ಏನೇನೋ ಬಡಬಡಿಸುವುದು ಶುರುವಾಗಬಹುದು. ಇದರಿಂದ ಜೀವ ಹೋಗುವುದೂ ಉಂಟು. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ತೋರಿಸಬಹುದು. ದೂರ ಆದರೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗೆಂದು ನಡೆಯುವ ಮನೋಚೈತನ್ಯ ಕ್ಲಿನಿಕ್ ಯಾವತ್ತು ಅಂತ ವಿಚಾರಿಸಿ. ಎಷ್ಟು ಕುಡಿಯುತ್ತೀರಿ ಅಂತ ಡಾಕ್ಟರ್ ಕೇಳಿದಾಗ ಕಮ್ಮಿ ಹೇಳಬೇಡಿ. ಔಷಧಿ ಎಷ್ಟು ಬೇಕು ಅನ್ನುವುದು ಆ ಲೆಕ್ಕದ ಮೇಲೆ ನಿಂತಿದೆ.

ಸಭೆ ಎಲ್ಲಿದೆ ಅಂತ ಹುಡುಕುವುದು

ನಮ್ಮ ಕಡೆ ಮುಖ್ಯವಾಗಿ ಎರಡು ದಾರಿ ಇವೆ. ಒಂದು, ಆಲ್ಕೊಹಾಲಿಕ್ಸ್ ಅನಾನಿಮಸ್. ಎಲ್ಲರೂ ಎ.ಎ. ಅಂತಲೇ ಕರೆಯುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಸೇರಿ ಶುರು ಮಾಡಿದ್ದು. ಸೇರಲು ಫೀಸಿಲ್ಲ, ಅರ್ಜಿಯಿಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು. ಎ.ಎ.ಯ ಭಾರತದ ಕಚೇರಿ ಮುಂಬೈಯಲ್ಲಿದೆ. ಅದರ ವೆಬ್‌ಸೈಟ್‌ನಲ್ಲಿ ಹತ್ತಿರದ ಗುಂಪು ಯಾವುದು ಅಂತ ಹುಡುಕಬಹುದು. ಇನ್ನೊಂದು, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿಗಳಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಮಾಡಿಕೊಂಡು ಆಮೇಲೂ ಸೇರುತ್ತಾರೆ. ಊರಿನ ಧರ್ಮಸ್ಥಳ ಸಂಘದ ಸೇವಾಪ್ರತಿನಿಧಿಯನ್ನು ಕೇಳಿದರೆ ಮುಂದಿನ ಶಿಬಿರ ಎಲ್ಲಿ ಅಂತ ಗೊತ್ತಾಗುತ್ತದೆ.

ಯಾವುದೂ ತಿಳಿಯದಿದ್ದರೆ 14446ಕ್ಕೆ ಫೋನ್ ಮಾಡಿ. ಅದು ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಮಾನಸಿಕ ಆರೋಗ್ಯಕ್ಕೆ ಸರ್ಕಾರದ್ದೇ ಇನ್ನೊಂದು ಸಹಾಯವಾಣಿ ಇದೆ, ಟೆಲಿ ಮಾನಸ್. ಅದರ ನಂಬರ್ 14416. ರಾತ್ರಿ ಎರಡು ಗಂಟೆಗೂ ಅಲ್ಲಿ ಫೋನ್ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ವಿಳಾಸ ಸಿಕ್ಕಿದ ಕೂಡಲೇ ಹೊರಟುಬಿಡಬೇಡಿ. ನಾವು ಮೊದಲ ಸಲ ಹಳೇ ವಿಳಾಸ ಹಿಡಿದು ಹೋಗಿ, ಬೀಗ ಹಾಕಿದ ಬಾಗಿಲು ನೋಡಿ ವಾಪಸ್ ಬಂದೆವು. ಅವತ್ತು ಅಣ್ಣ ಬಸ್‌ಸ್ಟ್ಯಾಂಡಿನಿಂದ ಸೀದಾ ಬಾರಿಗೆ ಹೋದ. ಅದಕ್ಕೇ ಹೇಳುತ್ತಿದ್ದೇನೆ, ಹೋಗುವ ದಿನವೇ ಫೋನ್ ಮಾಡಿ ಸಮಯ, ಜಾಗ ಖಚಿತ ಮಾಡಿಕೊಳ್ಳಿ. ಸಂಜೆಯ ಸಭೆಯಾದರೆ ಕೊನೆ ಬಸ್ ಎಷ್ಟೊತ್ತಿಗೆ ಅಂತಲೂ ನೋಡಿಕೊಳ್ಳಿ.

ಸ್ವಂತ ಊರಿನಲ್ಲಿ ಮುಜುಗರ ಅನ್ನಿಸಿದರೆ ಪಕ್ಕದ ತಾಲ್ಲೂಕಿಗೆ ಹೋಗಿ. ಸಾಗರದವರು ಶಿವಮೊಗ್ಗಕ್ಕೆ, ಶಿವಮೊಗ್ಗದವರು ಭದ್ರಾವತಿಗೆ ಹೋದರೆ ತಪ್ಪೇನಿಲ್ಲ. ಫೋನಿನಲ್ಲೇ ಕೂತು ಸೇರುವ ಆನ್‌ಲೈನ್ ಸಭೆಗಳೂ ಇವೆ. ಆದರೂ ಎದುರಾ ಎದುರು ಕೂರುವುದೇ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಒಳಗೆ ಹೋದ ಮೇಲೆ

ಎ.ಎ.ಯಲ್ಲಿ ಓಪನ್ ಮೀಟಿಂಗ್ ಆದರೆ ಮನೆಯವರೂ ಕೂರಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಮೊದಲ ದಿನ ಜೊತೆಗೆ ಯಾರಾದರೂ ಇದ್ದರೆ ಧೈರ್ಯ ಅಲ್ವಾ? ಹಾಗಾಗಿ ಓಪನ್ ಮೀಟಿಂಗ್ ಯಾವತ್ತು ಅಂತ ಕೇಳಿಕೊಂಡು ಹೋಗಿ.

ನಾವು ಹೋದಾಗ ಅಣ್ಣನಿಗೆ ಮಾತ್ರೆ ಶುರುವಾಗಿ ಒಂದು ವಾರವಾಗಿತ್ತು. ಕೈ ನಡುಕ ಪೂರ್ತಿ ನಿಂತಿರಲಿಲ್ಲ. ಟೀ ಕೊಡುತ್ತಿದ್ದ ಹಿರಿಯರೊಬ್ಬರು ಅವನ ಕೈ ನೋಡಿದರು. ಲೋಟಕ್ಕೆ ಅರ್ಧವೇ ಟೀ ಹಾಕಿ ಕೊಟ್ಟರು. ಏನೂ ಹೇಳಲಿಲ್ಲ. ಅಣ್ಣ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು ಕೂತ.

ಅಲ್ಲಿ ಹೆಸರು ಮಾತ್ರ ಹೇಳುತ್ತಾರೆ. ಜಾತಿ, ಕೆಲಸ, ಮನೆತನ ಯಾರೂ ಕೇಳುವುದಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ನಿಮ್ಮ ಸರದಿ ಬಂದಾಗ ಮಾತು ಬೇಡ ಅನ್ನಿಸಿದರೆ "ಇವತ್ತು ಸುಮ್ನೆ ಕೇಳುತ್ತೇನೆ" ಅಂದರಾಯಿತು. ಕೊನೆಯಲ್ಲಿ ಹಾಲ್ ಬಾಡಿಗೆಗೆ, ಟೀ ಖರ್ಚಿಗೆ ಕಾಣಿಕೆ ಸಂಗ್ರಹಿಸಬಹುದು. ಹೊಸಬರು ಹಾಕಲೇಬೇಕು ಅಂತೇನಿಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು. ಅದಕ್ಕೇ ಅವತ್ತು ಯಾರು ಏನು ಹೇಳಿದರು ಅಂತ ನಾನೂ ಇಲ್ಲಿ ಬರೆಯುವಂತಿಲ್ಲ.

ಮೊದಲ ಸಭೆ ಹಿಡಿಸದಿದ್ದರೂ ಐದಾರು ಸಲ ಹೋಗಿ ನೋಡಿ. ಆಮೇಲೂ ಹೊಂದಲಿಲ್ಲ ಅಂದರೆ ಬೇರೆ ಗುಂಪು ನೋಡಿ. ನಡುವೆ ಒಂದು ದಿನ ಕುಡಿದುಬಿಟ್ಟರೆ, ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ಮನೆಯಲ್ಲೇ ಉಳಿಯಬೇಡಿ. ಮುಂದಿನ ಸಭೆಗೆ ಹೋಗಲೇಬೇಕು. ಕುಡಿಯುವವರ ಹೆಂಡತಿ, ಮಕ್ಕಳು, ಅಪ್ಪ ಅಮ್ಮನಿಗೆ ಅಂತಲೇ ಅಲ್-ಅನಾನ್ ಎಂಬ ಬೇರೆ ಗುಂಪು ಇದೆ. ಕುಡಿಯುವವರು ಸಭೆಗೆ ಬರಲು ಒಪ್ಪದಿದ್ದರೂ ಮನೆಯವರು ಅಲ್ಲಿಗೆ ಹೋಗಬಹುದು.

ಹೊರಡುವಾಗ

ಕುಡಿತ ಬಿಟ್ಟು ಕೆಲವು ವರ್ಷವಾದ ಒಬ್ಬರ ಫೋನ್ ನಂಬರ್ ಇಸಿದುಕೊಳ್ಳಿ. ಕುಡಿಯಬೇಕು ಅನ್ನಿಸಿದಾಗ, ಕುಡಿಯುವ ಮೊದಲೇ ಅವರಿಗೆ ಫೋನ್ ಮಾಡಬೇಕು. ನಮ್ಮ ಕಡೆ ಬಟವಾಡೆ ದಿನದ, ಅಂದರೆ ಕೂಲಿ ಕೊಡುವ ದಿನದ, ಸಂಜೆ ಕಷ್ಟ. ಜೇಬಿನಲ್ಲಿ ದುಡ್ಡು, ಹೊರಗೆ ಜಡಿಮಳೆ, ಜೊತೆಯವರೆಲ್ಲ ಹೊರಟಿರುತ್ತಾರೆ. ಅಣ್ಣ ಈಗಲೂ ಬಟವಾಡೆ ದಿನ ಸಂಜೆ ಐದಕ್ಕೆ ಆ ಟೀ ಕೊಟ್ಟ ಹಿರಿಯರಿಗೆ ಫೋನ್ ಮಾಡುತ್ತಾನೆ. ಮಾತು ಹೆಚ್ಚೇನಿರುವುದಿಲ್ಲ. ಮಳೆ ಹೇಗಿದೆ, ಕೊಯ್ಲು ಎಲ್ಲಿಗೆ ಬಂತು, ಊಟ ಆಯ್ತಾ, ಇಷ್ಟೇ.